ಮೆಂಡೆಲ್ಸನ್ ಕ್ರೈಸ್ತನಾಗಿದ್ದನಲ್ಲ, ಮತ್ತೆ ಯಹೂದಿ ಅಂತ ಯಾಕೆ ದೂರ ಇಟ್ಟರು?

ಪ್ರಶ್ನೆ: ಜರ್ಮನ್ ಸಂಗೀತಕಾರ ಫೆಲಿಕ್ಸ್ ಮೆಂಡೆಲ್ಸನ್ ಚಿಕ್ಕಂದಿನಲ್ಲೇ ಕ್ರೈಸ್ತನಾಗಿದ್ದ ಅಂತ ಓದಿದೆ. ಆದರೂ ನಾಜಿಗಳು ಅವನ ಸಂಗೀತವನ್ನು ಯಹೂದಿ ಸಂಗೀತ ಅಂತ ಕಛೇರಿಗಳಿಂದ ಹೊರಗಿಟ್ಟಿದ್ದು ಯಾಕೆ?

ಉತ್ತರ: ಅವರ ಲೆಕ್ಕದಲ್ಲಿ ಯಹೂದಿ ಅನ್ನುವುದು ರಕ್ತದ ಮಾತು. ಧರ್ಮ ಬದಲಾಯಿಸಬಹುದು, ಅಜ್ಜ ಅಜ್ಜಿಯರನ್ನು ಬದಲಾಯಿಸೋಕಾಗುತ್ತಾ? ಯಾರು ಯಹೂದಿ ಅಂತ ತೀರ್ಮಾನಿಸಲು ನಾಜಿಗಳ 1935ರ ನ್ಯೂರೆಂಬರ್ಗ್ ಕಾನೂನು ಎಣಿಸಿದ್ದೂ ಅಜ್ಜ ಅಜ್ಜಿಯರನ್ನೇ. ಆಗ ಮೆಂಡೆಲ್ಸನ್ ಸತ್ತು 88 ವರ್ಷವಾಗಿತ್ತು.

ಅವನು ಹುಟ್ಟಿದ್ದು 1809ರಲ್ಲಿ, ಹ್ಯಾಂಬರ್ಗ್‌ನಲ್ಲಿ. ಅಜ್ಜ ಮೋಸೆಸ್ ಹೆಸರಾಂತ ಯಹೂದಿ ಚಿಂತಕ. ಅಪ್ಪ ಅಬ್ರಹಾಂ 1816ರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ. ಮನೆತನದ ಹೆಸರಿಗೆ ಬಾರ್ತೋಲ್ಡಿ ಅಂತ ಸೇರಿಸಿದ. ಹಳೆಯ ಹೆಸರು ಬಿಟ್ಟೇಬಿಡು ಅಂತ 1829ರಲ್ಲಿ ಮಗನಿಗೆ ಕಾಗದ ಬರೆದ. ಮಗ ಬಿಡಲಿಲ್ಲ, ಎರಡನ್ನೂ ಇಟ್ಟುಕೊಂಡ. ಈ ಒಂದು ಹಟಕ್ಕೇ ಅವನು ನನಗೆ ತುಂಬಾ ಇಷ್ಟ. ಅದೇ ವರ್ಷ, 20ರ ಹರೆಯದಲ್ಲಿ, ಸಂಗೀತಕಾರ ಬಾಖ್‌ನ, ಜನ ಮರೆತಿದ್ದ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಎಂಬ ಕ್ರೈಸ್ತ ಗಾಯನ ಕೃತಿಯನ್ನು ಬರ್ಲಿನ್‌ನಲ್ಲಿ ಮತ್ತೆ ಹಾಡಿಸಿದವನೂ ಅವನೇ.

ನಾಜಿಗಳಿಗಿಂತ ಎಷ್ಟೋ ಮೊದಲೇ ದಾರಿ ಮಾಡಿಟ್ಟವನು ಜರ್ಮನ್ ಸಂಗೀತಕಾರ ರಿಚರ್ಡ್ ವಾಗ್ನರ್. 1850ರಲ್ಲಿ ಸುಳ್ಳು ಹೆಸರಿನಲ್ಲಿ ಒಂದು ಲೇಖನ ಬರೆದ. 1869ರಲ್ಲಿ ಸ್ವಂತ ಹೆಸರಿನಲ್ಲೇ ಮತ್ತೆ ಅಚ್ಚು ಹಾಕಿಸಿದ. ಮೆಂಡೆಲ್ಸನ್‌ಗೆ ಪ್ರತಿಭೆ ಇದೆ, ವಿದ್ಯೆ ಇದೆ, ಆದರೂ ಅವನ ಸಂಗೀತ ಎದೆ ಮುಟ್ಟುವುದಿಲ್ಲ ಅನ್ನುವುದು ಅದರ ವಾದ. ಕಾರಣ? ಯುರೋಪಿನ ಭಾಷೆ ಯಹೂದಿಗೆ ಕಲಿತ ಭಾಷೆಯಂತೆ, ತಾಯಿನುಡಿ ಅಲ್ಲವಂತೆ. ಮೆಂಡೆಲ್ಸನ್ ಮನೆಯಲ್ಲಿ ಆಡಿ ಬೆಳೆದದ್ದು ಜರ್ಮನ್ನೇ! ಮೊದಲು ಹುಟ್ಟು ನೋಡು, ಆಮೇಲೆ ಸಂಗೀತದಲ್ಲಿ ಕೊರತೆ ಹುಡುಕು ಅನ್ನುವ ಕ್ರಮ ಇದು.

ಯಹೂದಿಯಾಗಿ ಹುಟ್ಟಿದ ಸಂಗೀತಕಾರ ಗುಸ್ತಾವ್ ಮಾಲರ್‌ನ ಕಥೆಯೂ ಇಂಥದ್ದೇ. ವಿಯೆನ್ನಾದ ಆಸ್ಥಾನ ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರ) ಹುದ್ದೆಗಾಗಿ 1897ರಲ್ಲಿ ಕ್ಯಾಥೊಲಿಕ್ ಆದ. ಹುದ್ದೆ ಸಿಕ್ಕಿತು, ದ್ವೇಷ ಕಾರುವ ಪತ್ರಿಕೆಗಳು ಮಾತ್ರ ಸುಮ್ಮನಾಗಲಿಲ್ಲ.

ಈ ಇಬ್ಬರು ವೈರಿಗಳನ್ನೂ, ಅಂದರೆ ವಾಗ್ನರ್ ಮತ್ತು ಮೆಂಡೆಲ್ಸನ್‌ರನ್ನು, ನೀವು ಒಂದೇ ಚರ್ಚ್ ಮದುವೆಯಲ್ಲಿ ಕೇಳಿರುತ್ತೀರಿ. ಮದುಮಗಳು ಒಳಗೆ ಬರುವಾಗ ನುಡಿಸುವುದು ವಾಗ್ನರ್‌ನ 'ಲೋಹೆಂಗ್ರಿನ್' ಒಪೆರಾದ ಹಾಡು. ಆ ಒಪೆರಾ ರಂಗಕ್ಕೆ ಬಂದಿದ್ದೂ 1850ರಲ್ಲೇ. ಜೋಡಿ ಹೊರಡುವಾಗ ಮೊಳಗುವ 'ವೆಡಿಂಗ್ ಮಾರ್ಚ್' ಮೆಂಡೆಲ್ಸನ್‌ದು. ಶೇಕ್ಸ್‌ಪಿಯರ್‌ನ 'ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕಕ್ಕೆ ಬರೆದದ್ದು. ನಾಜಿ ಕಾಲದಲ್ಲಿ ಅದೇ ನಾಟಕಕ್ಕೆ ಸಂಗೀತಕಾರ ಕಾರ್ಲ್ ಓರ್ಫ್ ಬೇರೆ ಸಂಗೀತ ಮಾಡಿಕೊಟ್ಟ.

ಲೀಪ್‌ಜಿಗ್‌ನಲ್ಲಿ ಮೆಂಡೆಲ್ಸನ್ 1835ರಿಂದ ಗೆವಾಂಡ್‌ಹೌಸ್ ಎಂಬ ಸಭಾಂಗಣದ ವಾದ್ಯವೃಂದ ನಡೆಸಿದ್ದ. ಆ ಸಭಾಂಗಣದ ಮುಂದೆ ಅವನ ಪ್ರತಿಮೆ ಇತ್ತು. 1936ರ ನವೆಂಬರ್‌ನಲ್ಲಿ, ಮೇಯರ್ ಕಾರ್ಲ್ ಗೋರ್ಡೆಲರ್ ಊರಲ್ಲಿಲ್ಲದಾಗ, ರಾತ್ರೋರಾತ್ರಿ ಅದನ್ನು ಕಿತ್ತು ಹಾಕಿದರು. ಅದೇ ಹೊತ್ತಿಗೆ ತನ್ನ ವಾದ್ಯವೃಂದದ ಜೊತೆ ಲಂಡನ್‌ನಿಂದ ಬಂದಿದ್ದ ವಾದ್ಯವೃಂದ ನಿರ್ದೇಶಕ ಥಾಮಸ್ ಬೀಚಮ್. ಪ್ರತಿಮೆಗೆ ಹೂಮಾಲೆ ಇಡಬೇಕು ಅಂತ ಹೋದರೆ ಅಲ್ಲಿ ಪ್ರತಿಮೆಯೇ ಇಲ್ಲ. ಗೋರ್ಡೆಲರ್ ಅದನ್ನು ಮತ್ತೆ ನಿಲ್ಲಿಸಲು ನೋಡಿದ, ಆಗಲಿಲ್ಲ. ರಾಜೀನಾಮೆ ಕೊಟ್ಟ.

2008ರಲ್ಲಿ ಅಂಥದ್ದೇ ಪ್ರತಿಮೆ ಮಾಡಿಸಿ ನಿಲ್ಲಿಸಿದರು, ಬಾಖ್ ದುಡಿದ ಸೇಂಟ್ ಥಾಮಸ್ ಚರ್ಚಿನ ಪಕ್ಕದಲ್ಲಿ.