‘ಜೋಲ್’ ಎಂದು ಮುಗಿಯುವ ಔಷಧಿಗಳು: ಹೆಟೆರೋಸೈಕ್ಲಿಕ್ ಅರೋಮ್ಯಾಟಿಕ್ ಸಂಯುಕ್ತಗಳ ಪರಿಚಯ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೆ ಬೂದಿ ರೋಗ ಬಂದರೆ ಹೆಕ್ಸಕೊನಜೋಲ್ ಹೊಡೆಯುತ್ತಾರೆ. ಟೊಮೆಟೊ ಎಲೆಯಲ್ಲಿ ಕಂದು ಚುಕ್ಕೆ ಕಂಡರೆ ಡೈಫೆನೊಕೊನಜೋಲ್. ಮೈಮೇಲೆ ಹುಳುಕಡ್ಡಿ ಎದ್ದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಫ್ಲುಕೊನಜೋಲ್. ಗಿಡದ ಔಷಧಿಗೂ ಮನುಷ್ಯರ ಮಾತ್ರೆಗೂ ಹೆಸರಿನ ಬಾಲ ಒಂದೇ ಯಾಕೆ? ಮೂರರಲ್ಲೂ ಒಂದೇ ಉಂಗುರ ಇದೆ. ಅದರ ಹೆಸರು ಟ್ರಯಜೋಲ್.

ಉಂಗುರ ಅಂದರೆ ಪರಮಾಣುಗಳು ಸುತ್ತು ಹಾಕಿ ಕೈ ಹಿಡಿದು ನಿಂತಿರುವುದು. ಬೆಂಜೀನ್ ಉಂಗುರದಲ್ಲಿ ಆರೂ ಇಂಗಾಲವೇ. ಆ ಸುತ್ತಿನಲ್ಲಿ ಇಂಗಾಲದ ಜಾಗಕ್ಕೆ ಸಾರಜನಕವೋ, ಆಮ್ಲಜನಕವೋ, ಗಂಧಕವೋ ಬಂದು ಕೂತರೆ ಅದು ಹೆಟೆರೋಸೈಕ್ಲಿಕ್. ಟ್ರಯಜೋಲ್‌ನಲ್ಲಿ ಐದು ಪರಮಾಣು, ಮೂರು ಸಾರಜನಕ, ಎರಡು ಇಂಗಾಲ. ಇನ್ನು ಅರೋಮ್ಯಾಟಿಕ್ ಅನ್ನುವುದು ಒಂದು ಬಗೆಯ ಭದ್ರತೆ. ಉಂಗುರದ ಆರು ಎಲೆಕ್ಟ್ರಾನ್‌ಗಳು ಯಾವ ಒಂದು ಪರಮಾಣುವಿಗೂ ಸೇರದೆ ಸುತ್ತೆಲ್ಲಾ ಹರಡಿರುತ್ತವೆ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳದೆ ಒಟ್ಟಿಗೆ ಉಳುವ ಜಮೀನಿನ ಹಾಗೆ. ಹೀಗಾದ ಉಂಗುರ ಸುಲಭಕ್ಕೆ ಮುರಿಯುವುದಿಲ್ಲ. ಎರಡು, ಆರು, ಹತ್ತು ಎಲೆಕ್ಟ್ರಾನ್ ಇದ್ದರೆ ಈ ಭದ್ರತೆ ಬರುತ್ತದೆ, ನಾಲ್ಕೋ ಎಂಟೋ ಇದ್ದರೆ ಬರುವುದಿಲ್ಲ. ಈ ಲೆಕ್ಕದ ಬುನಾದಿ ಹಾಕಿದವರು ಜರ್ಮನಿಯ ಎರಿಕ್ ಹ್ಯೂಕೆಲ್, 1931ರಲ್ಲಿ.

ಈಗ ನಿಜವಾಗಿ ಗಮನಿಸಬೇಕಾದ ವಿಷಯ. ಸಾರಜನಕದ ಹತ್ತಿರ ಪಕ್ಕದ ಪರಮಾಣುವಿನ ಕೈ ಹಿಡಿಯಲು ಬಳಸದೆ ಉಳಿದ ಒಂದು ಜೋಡಿ ಎಲೆಕ್ಟ್ರಾನ್ ಇರುತ್ತದೆ. ಅದು ಎಲ್ಲಿದೆ ಅನ್ನುವುದರ ಮೇಲೆ ಉಂಗುರದ ಸ್ವಭಾವ ನಿಂತಿದೆ. ಪಿರೋಲ್ ಎಂಬ ಐದರ ಉಂಗುರದಲ್ಲಿ ಸಾರಜನಕ ತನ್ನ ಜೋಡಿಯನ್ನು ಸುತ್ತಿಗೇ ಕೊಟ್ಟುಬಿಟ್ಟಿದೆ. ಕೊಡದಿದ್ದರೆ ಆರರ ಲೆಕ್ಕ ತುಂಬುವುದಿಲ್ಲ. ಹಾಗಾಗಿ ಪಿರೋಲ್ ಆಮ್ಲದ ಜೊತೆ ಅಷ್ಟಾಗಿ ಸೇರುವುದಿಲ್ಲ. ಪಿರಿಡಿನ್ ಎಂಬ ಆರರ ಉಂಗುರದಲ್ಲಿ ಈ ಜೋಡಿ ಹೊರಗಡೆಗೆ ಚಾಚಿಕೊಂಡಿದೆ. ಆಮ್ಲ ಸಿಕ್ಕರೆ ಆಮ್ಲವನ್ನು, ಲೋಹ ಸಿಕ್ಕರೆ ಲೋಹವನ್ನು ಹಿಡಿಯುತ್ತದೆ. ಟ್ರಯಜೋಲ್‌ನಲ್ಲಿ ಎರಡೂ ಬಗೆಯ ಸಾರಜನಕ ಇವೆ.

ಬೂದಿ ರೋಗದ ಶಿಲೀಂಧ್ರ ಸಾಯುವುದು ಇಲ್ಲೇ. ಶಿಲೀಂಧ್ರಕ್ಕೆ ತನ್ನ ಜೀವಕೋಶದ ಪೊರೆ ಕಟ್ಟಲು ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಒಂದು ಕಿಣ್ವದ ನಡುವೆ ಕಬ್ಬಿಣದ ಒಂದು ಪರಮಾಣು ಇದೆ. ಹೆಕ್ಸಕೊನಜೋಲ್‌ನ ಉಂಗುರ ಹೊರಗೆ ಚಾಚಿದ ಜೋಡಿಯಿಂದ ಆ ಕಬ್ಬಿಣವನ್ನೇ ಹಿಡಿದುಬಿಡುತ್ತದೆ. ಕಿಣ್ವದ ಕೆಲಸ ನಿಲ್ಲುತ್ತದೆ, ಪೊರೆ ಕೆಡುತ್ತದೆ. ನನಗೆ ತುಂಬಾ ಇಷ್ಟವಾಗುವ ಸಂಗತಿ ಏನೆಂದರೆ, ಆ ಕಬ್ಬಿಣವನ್ನು ಸುತ್ತುವರಿದು ಕೂರಿಸಿರುವುದೂ ನಾಲ್ಕು ಪಿರೋಲ್ ಉಂಗುರಗಳೇ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಕೂಡ ಇದೇ ಕಟ್ಟಡ. ಎಲೆಯ ಹಸಿರಿನಲ್ಲೂ ಇಂಥದೇ ಚೌಕಟ್ಟು ಇದೆ, ಕಬ್ಬಿಣದ ಬದಲು ಮೆಗ್ನೀಷಿಯಂ ಅಷ್ಟೆ.

ಇದರಿಂದ ರೈತರಿಗೆ ಒಂದು ನೇರ ಉಪಯೋಗ ಇದೆ. ಹೆಕ್ಸಕೊನಜೋಲ್ ಕೇಳಲಿಲ್ಲ ಅಂತ ಟೆಬುಕೊನಜೋಲ್ ತಂದರೆ ಬ್ರ್ಯಾಂಡ್ ಬದಲಾಯಿತೇ ಹೊರತು ಹೊಡೆತ ಬೀಳುವ ಜಾಗ ಬದಲಾಗಲಿಲ್ಲ. ಒಂದಕ್ಕೆ ಒಗ್ಗಿಕೊಂಡ ಶಿಲೀಂಧ್ರ ಇನ್ನೊಂದಕ್ಕೂ ಒಗ್ಗಿರುವ ಸಾಧ್ಯತೆಯೇ ಜಾಸ್ತಿ. ಬೇರೆ ಗುಂಪಿನ ಔಷಧಿಯನ್ನೇ ಕೇಳಿ ತರಬೇಕು.

ಈ ಉಂಗುರಗಳನ್ನು ಮಾಡುವುದು ಹೇಗೆ? 1884ರಲ್ಲಿ ಪಾಲ್ ಮತ್ತು ಕ್ನಾರ್ ಎಂಬ ಇಬ್ಬರು ಜರ್ಮನ್ ರಸಾಯನ ವಿಜ್ಞಾನಿಗಳು ತೋರಿಸಿದ ದಾರಿ ಈಗಲೂ ತರಗತಿಯಲ್ಲಿ ಕಲಿಸುತ್ತಾರೆ. ನಾಲ್ಕು ಇಂಗಾಲದ ಸಾಲು, ಅದರ ಎರಡು ತುದಿಯಲ್ಲೂ ಒಂದೊಂದು ಆಮ್ಲಜನಕ ಇರುವ ಅಣು ತೆಗೆದುಕೊಳ್ಳಿ. ಆಮ್ಲ ಹಾಕಿ ಕಾಯಿಸಿದರೆ ನೀರು ಬಿಟ್ಟು ಬಾಗಿ ಫ್ಯೂರಾನ್ ಆಗುತ್ತದೆ, ಅಂದರೆ ಆಮ್ಲಜನಕದ ಉಂಗುರ. ಅಮೋನಿಯಾ ಕೊಟ್ಟರೆ ಪಿರೋಲ್. ರಂಜಕದ ಸಲ್ಫೈಡ್ ಕೊಟ್ಟರೆ ಗಂಧಕದ ಉಂಗುರವಾದ ಥಯೋಫೀನ್. ಕಚ್ಚಾ ಮಾಲು ಒಂದೇ, ಉಂಗುರ ಮೂರು.

ಥಯೋಫೀನ್ ಸಿಕ್ಕ ಕಥೆಯೂ ಚೆನ್ನಾಗಿದೆ. 1882ರಲ್ಲಿ ವಿಕ್ಟರ್ ಮೇಯರ್ ಪಾಠ ಮಾಡುತ್ತಾ ಬೆಂಜೀನ್‌ಗೆ ನೀಲಿ ಬಣ್ಣ ಬರುವ ಪರೀಕ್ಷೆ ತೋರಿಸಲು ಹೋದರು. ಬಣ್ಣ ಬರಲೇ ಇಲ್ಲ. ಅವತ್ತಿನ ಬೆಂಜೀನ್ ಬೆಂಜೋಯಿಕ್ ಆಮ್ಲದಿಂದ ಮಾಡಿದ ಶುದ್ಧ ಮಾಲು. ಕಲ್ಲಿದ್ದಲ ಟಾರಿನಿಂದ ಬಂದ ಬೆಂಜೀನ್‌ನಲ್ಲಿ ಮಾತ್ರ ನೀಲಿ ಬರುತ್ತಿತ್ತು. ಬಣ್ಣ ಬರಿಸುತ್ತಿದ್ದುದು ಅದರೊಳಗೆ ಸೇರಿಕೊಂಡಿದ್ದ ಥಯೋಫೀನ್. ಬೆಂಜೀನ್ ಕುದಿಯುವುದು 80 ಡಿಗ್ರಿಯಲ್ಲಿ, ಥಯೋಫೀನ್ 84ರಲ್ಲಿ. ಬೇರೆ ಮಾಡುವುದು ಕಷ್ಟ ಅಲ್ವಾ? ಹೃದಯಾಘಾತ ಆದವರಿಗೆ ಕೊಡುವ ಕ್ಲೊಪಿಡೊಗ್ರೆಲ್ ಮಾತ್ರೆಯಲ್ಲಿ ಈಗ ಅದೇ ಉಂಗುರ ಇದೆ.

ಫ್ಯೂರಾನ್ ಗುಂಪಿಗೆ ಟಾರೂ ಬೇಡ. ಗೌರಿಬಿದನೂರು ಕಡೆ ಮುಸುಕಿನ ಜೋಳ ಬಿಡಿಸಿದ ಮೇಲೆ ಉಳಿಯುವ ದಿಂಡಿನಂಥದ್ದೇ ಸಾಕು. ಅದನ್ನು ಆಮ್ಲದಲ್ಲಿ ಬೇಯಿಸಿದರೆ ನಾರಿನ ಸಕ್ಕರೆ ನೀರು ಕಳೆದುಕೊಂಡು ಫ್ಯೂರಾನ್ ಉಂಗುರ ಇರುವ ಫರ್ಫ್ಯುರಾಲ್ ಆಗುತ್ತದೆ. 1920ರ ದಶಕದಲ್ಲೇ ಇದನ್ನು ಕಾರ್ಖಾನೆಯಲ್ಲಿ ಓಟ್ಸ್ ಸಿಪ್ಪೆಯಿಂದ ಮಾಡಲು ಶುರು ಮಾಡಿದ್ದರು.

ಪಿರಿಡಿನ್ ಕೊಳೆತ ಮೀನಿನಂತೆ ನಾರುತ್ತದೆ. ಆದರೂ ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್‌ನಲ್ಲಿ, ಗ್ಯಾಸ್ಟ್ರಿಕ್‌ನ ಪ್ಯಾಂಟೊಪ್ರಜೋಲ್‌ನಲ್ಲಿ (ಹೆಸರಿನ ಬಾಲ ‘ಜೋಲ್’ ಆದರೂ ಇದರಲ್ಲಿ ಟ್ರಯಜೋಲ್ ಇಲ್ಲ) ಅದೇ ಉಂಗುರ. ಹೊಗೆಸೊಪ್ಪಿನ ನಿಕೋಟಿನ್‌ನಲ್ಲೂ ಅದೇ. ಟೊಮೆಟೊದ ಬಿಳಿ ನೊಣಕ್ಕೆ ಹೊಡೆಯುವ ಇಮಿಡಾಕ್ಲೊಪ್ರಿಡ್‌ನಲ್ಲೂ ಅದೇ. ಈ ಕೊನೆಯ ಎರಡೂ ಕೀಟದ ನರದಲ್ಲಿ ಒಂದೇ ಜಾಗಕ್ಕೆ ಹೋಗಿ ಕೂರುತ್ತವೆ. ರೇಷ್ಮೆ ಹುಳವೂ ಕೀಟವೇ ತಾನೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಟೊಮೆಟೊ ಹೊಲದ ಬದುವಿಗೆ ಹತ್ತಿಕೊಂಡೇ ಹಿಪ್ಪುನೇರಳೆ ತೋಟ ಇದ್ದಾಗ ಈ ವಿಷಯ ಸಣ್ಣದಲ್ಲ. ಗಾಳಿಗೆ ಹಾರಿ ಬಂದ ತುಸು ಔಷಧಿಯೂ ಹುಳಕ್ಕೆ ಹೆಚ್ಚೇ. ಮಣ್ಣಿಗೆ ಬಿದ್ದದ್ದನ್ನು ಬೇರು ಹೀರಿ ಎಲೆಗೆ ಕಳಿಸುತ್ತದೆ. ಅಂಥ ಸೊಪ್ಪನ್ನು ಎಷ್ಟು ತೊಳೆದು ಹಾಕಿದರೂ ಹುಳ ಉಳಿಯುವುದಿಲ್ಲ, ವಿಷ ಇರೋದು ಎಲೆಯ ಒಳಗೆ.