ಗೊಬ್ಬರದಲ್ಲೇ ರಂಜಕ ಇರುವಾಗ ಕುಲುಮೆ ಯಾಕೆ ಬೇಕು?

ಪ್ರಶ್ನೆ: ಡಿಎಪಿ ಗೊಬ್ಬರದಲ್ಲಿ ರಂಜಕ (ಫಾಸ್ಫರಸ್) ಬೇಕಾದಷ್ಟಿದೆ. ಆದರೂ ಟ್ರೈಫಿನೈಲ್‌ಫಾಸ್ಫೀನ್‌ನಂಥ ಸಾವಯವ ಸಂಯುಕ್ತ ಮಾಡೋಕೆ ಗಾಳಿ ತಾಗಿದರೆ ಉರಿಯುವ ಬಿಳಿ ರಂಜಕದಿಂದಲೇ ಶುರು ಮಾಡಬೇಕಂತೆ. ಗೊಬ್ಬರದಿಂದ ನೇರವಾಗಿ ಆಗಲ್ವಾ?

ಉತ್ತರ: ಮೊದಲೇ ಒಂದು ಮಾತು. ಇಲ್ಲಿ ಸಾವಯವ ಅಂದರೆ ಸಾವಯವ ಕೃಷಿ ಅಲ್ಲ. ಇಂಗಾಲದ ಜೊತೆ ಸೇರಿದ ರಂಜಕ, ಅಷ್ಟೆ.

ಡಿಎಪಿ ಚೀಲದ ಮೇಲೆ 18:46 ಅಂತ ಇರುತ್ತದೆ. ಆ 46 ಬರೀ ರಂಜಕದ ಲೆಕ್ಕ ಅಲ್ಲ, ಅದರ ಆಕ್ಸೈಡಿನ ಲೆಕ್ಕ. 50 ಕೆಜಿ ಚೀಲದಲ್ಲಿ ನಿಜವಾದ ರಂಜಕ ಸುಮಾರು 10 ಕೆಜಿ ಮಾತ್ರ. ಅದರ ಒಂದೊಂದು ಪರಮಾಣುವನ್ನೂ ನಾಲ್ಕು ಆಕ್ಸಿಜನ್‌ಗಳು ಹಿಡಿದುಕೊಂಡಿವೆ. ತೊಂದರೆ ಇರೋದೇ ಇಲ್ಲಿ.

ಇಂಗಾಲವನ್ನು ಆಕ್ಸಿಜನ್ ಮೂಲಕ ಜೋಡಿಸಿದರೆ ಸಾಕು ಅನ್ನುವುದಾದರೆ ಇದು ಅಡ್ಡಿಯಲ್ಲ. ನಮ್ಮ ಡಿಎನ್‌ಎ, ಜೀವಕೋಶಗಳಿಗೆ ಶಕ್ತಿ ಕೊಡುವ ಎಟಿಪಿ ಎಲ್ಲ ಹಾಗೇ ಕಟ್ಟಿರುವುದು. ಆದರೆ ಟ್ರೈಫಿನೈಲ್‌ಫಾಸ್ಫೀನ್‌ನಲ್ಲಿ ಮೂರು ಬೆಂಜೀನ್ ಉಂಗುರಗಳು ನೇರವಾಗಿ ರಂಜಕಕ್ಕೇ ಅಂಟಿಕೊಂಡಿವೆ. ನಾಲ್ಕೂ ಆಕ್ಸಿಜನ್ ಜಾಗ ಬಿಡಬೇಕು. ಅವು ಸುಮ್ನೆ ಹೋಗುವುದಿಲ್ಲ.

ಅದಕ್ಕೇ ಕುಲುಮೆ. ರಾಕ್ ಫಾಸ್ಫೇಟ್ (ರಂಜಕದ ಅದಿರು), ಮರಳು, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಗಾಲ) ಮೂರನ್ನೂ ವಿದ್ಯುತ್ ಕುಲುಮೆಗೆ ಹಾಕಿ 1,500 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸುತ್ತಾರೆ. ಆಕ್ಸಿಜನ್ನು ಕೋಕ್‌ನ ಇಂಗಾಲದ ಜೊತೆ ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಟುಹೋಗುತ್ತದೆ. ರಂಜಕ ಆವಿಯಾಗಿ ಬರುತ್ತದೆ, ಅದನ್ನು ತಣಿಸಿ ನೀರಿನಡಿ ಇಡುತ್ತಾರೆ. ಇದೇ ಬಿಳಿ ರಂಜಕ. ಇದಕ್ಕೆ ಕ್ಲೋರಿನ್ ಸೇರಿಸಿದರೆ ರಂಜಕದ ಟ್ರೈಕ್ಲೋರೈಡ್. ಅದನ್ನು ಕ್ಲೋರೋಬೆಂಜೀನ್ ಮತ್ತು ಸೋಡಿಯಂ ಜೊತೆ ಸೇರಿಸಿದರೆ ಕೊನೆಗೂ ಟ್ರೈಫಿನೈಲ್‌ಫಾಸ್ಫೀನ್. ಅದರ ಒಂದೊಂದು ಅಣುವಿಗೂ ಜೊತೆಯಲ್ಲಿ ಆರು ಪಾಲು ಅಡುಗೆ ಉಪ್ಪು ಹುಟ್ಟುತ್ತದೆ!

ತಮಾಷೆ ಏನಂದ್ರೆ, ಇಷ್ಟು ಕಷ್ಟಪಟ್ಟು ಆಕ್ಸಿಜನ್ ಬಿಡಿಸಿದ ಈ ರಂಜಕ ಕೆಲಸಕ್ಕೆ ಬರುವುದೇ ಆಕ್ಸಿಜನ್ ಮೇಲಿನ ಆಸೆಯಿಂದ. ಜರ್ಮನಿಯ ಗಿಯೋರ್ಗ್ ವಿಟಿಗ್ 1950ರ ದಶಕದಲ್ಲಿ ಕಂಡುಕೊಂಡ ಕ್ರಿಯೆ ನಿಂತಿರುವುದು ಇದರ ಮೇಲೆ. ಆಲ್ಡಿಹೈಡ್ ಅನ್ನುವ ಸಾವಯವ ಸಂಯುಕ್ತದ ಆಕ್ಸಿಜನ್ನನ್ನು ರಂಜಕ ಕಿತ್ತುಕೊಳ್ಳುತ್ತದೆ, ಆ ಜಾಗದಲ್ಲಿ ಇಂಗಾಲಕ್ಕೂ ಇಂಗಾಲಕ್ಕೂ ಜೋಡಿ ಬಂಧ ಬೀಳುತ್ತದೆ. ಬಿಎಎಸ್‌ಎಫ್ ಕಂಪನಿ ಎ ವಿಟಮಿನ್ ತಯಾರಿಗೆ ಇದನ್ನೇ ಹಿಡಿಯಿತು. ವಿಟಿಗ್‌ಗೆ 1979ರ ನೊಬೆಲ್‌ನಲ್ಲಿ ಪಾಲೂ ಸಿಕ್ಕಿತು.

ಬೆಲೆ ಮಾತ್ರ ಜಾಸ್ತಿ. ಅಣುತೂಕದ ಲೆಕ್ಕದಲ್ಲಿ 14 ತೂಕದ ಒಂದು ಸಿಎಚ್‌2 ತುಂಡು (ಒಂದು ಇಂಗಾಲ, ಎರಡು ಹೈಡ್ರೋಜನ್) ಸೇರಿಸಲು 278 ತೂಕದ ಫಾಸ್ಫೀನ್ ಆಕ್ಸೈಡ್ (ಆಕ್ಸಿಜನ್ ಹಿಡಿದುಕೊಂಡ ಟ್ರೈಫಿನೈಲ್‌ಫಾಸ್ಫೀನ್) ಕಸವಾಗುತ್ತದೆ. ಅದೂ ಸುಲಭಕ್ಕೆ ತೊಲಗುವ ಕಸ ಅಲ್ಲ. ಲ್ಯಾಬಿನವರನ್ನು ಕೇಳಿ ನೋಡಿ. ಕಾಲಂ (ಮಿಶ್ರಣವನ್ನು ಬೇರ್ಪಡಿಸುವ ಪುಡಿ ತುಂಬಿದ ಗಾಜಿನ ಕೊಳವೆ) ಹಾಕಿ ಬೇರ್ಪಡಿಸಿದೆ ಅಂದುಕೊಂಡಿರುತ್ತಾರೆ, ಆದರೂ ಉತ್ಪನ್ನದ ಜೊತೆ ಬಿಳಿ ಪುಡಿಯಾಗಿ ಅದು ಹಾಜರ್.

ಇನ್ನು ನಿಮ್ಮ ‘ನೇರವಾಗಿ ಆಗಲ್ವಾ’ ಅನ್ನೋ ಪ್ರಶ್ನೆ. ಇದೇ ದಾರಿಯಲ್ಲಿ ಯೋಚಿಸಿದವರಿದ್ದಾರೆ. 2018ರಲ್ಲಿ ಅಮೆರಿಕದ ಎಂಐಟಿಯ ಕಮಿನ್ಸ್ ತಂಡ, ಗೊಬ್ಬರಕ್ಕೆ ಬಳಸುವ ಫಾಸ್ಫಾರಿಕ್ ಆಮ್ಲದಿಂದಲೇ ಹೊರಟು, ಟ್ರೈಕ್ಲೋರೋಸಿಲೇನ್ ಅನ್ನುವ ಸಿಲಿಕಾನ್ ಸಂಯುಕ್ತ ಬಳಸಿ ಆಕ್ಸಿಜನ್ ತೆಗೆದು, ಬಿಳಿ ರಂಜಕವನ್ನು ಮುಟ್ಟದೆ ಇಂಗಾಲ-ರಂಜಕ ಬಂಧ ಕಟ್ಟಿ ತೋರಿಸಿತು. ನನಗೆ ಬಹಳ ಹಿಡಿಸಿದ ಕೆಲಸ. ಒಂದೇ ತಕರಾರು: ಆ ಟ್ರೈಕ್ಲೋರೋಸಿಲೇನ್‌ಗೆ ಸಿಲಿಕಾನ್ ಬೇಕು. ಸಿಲಿಕಾನ್ ತೆಗೆಯುವುದು ಸಿಲಿಕಾ ಕಲ್ಲಿಗೆ ಇಂಗಾಲ ಬೆರೆಸಿ, ಅಂಥದ್ದೇ ವಿದ್ಯುತ್ ಕುಲುಮೆಯಲ್ಲಿ.