ಪ್ರಾಜೆಕ್ಟ್ ಹೋಯ್ತು ಅಂತ ಫೋನ್ ಮಾಡುವ ಮೊದಲು

"ಸರ್, ಮೂರು ಗಂಟೆ ರೆಕಾರ್ಡಿಂಗ್ ಹೋಯ್ತು." ಆಡಿಯೋ ಎಡಿಟಿಂಗ್ ಮಾಡುವವರಿಗೆ ಇಂಥ ಫೋನ್ ಹೊಸದೇನಲ್ಲ. ಬರುವುದು ಹೆಚ್ಚಾಗಿ ರಾತ್ರಿ ಹೊತ್ತು, ಮರುದಿನ ಬೆಳಿಗ್ಗೆ ಎಪಿಸೋಡ್ ಹಾಕಬೇಕು ಅನ್ನುವಾಗ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕ್ರ್ಯಾಶ್ ಆದಮೇಲೆ ಏನೇನು ಮಾಡಿದಿರಿ? ಯಾಕೆಂದರೆ ಕ್ರ್ಯಾಶ್‌ನಿಂದಲೇ ಧ್ವನಿ ಅಳಿಸಿಹೋಗುವುದು ಕಡಿಮೆ. ಅದಾದ ಹತ್ತು ನಿಮಿಷದಲ್ಲಿ ಗಾಬರಿ ಬಿದ್ದು ನಾವೇ ಅಳಿಸುವುದು ಜಾಸ್ತಿ.

ಇಲ್ಲಿ ಹೆಚ್ಚಾಗಿ ಆಡಾಸಿಟಿ ಅನ್ನುವ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಬಗ್ಗೆಯೇ ಬರೆಯುತ್ತೇನೆ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಹಾಗಾಗಿ ನನಗೆ ಫೋನ್ ಮಾಡುವ ಪಾಡ್‌ಕಾಸ್ಟ್‌ನವರು, ಕಥೆ ಓದಿ ಹಾಕುವವರು, ತಾಳಮದ್ದಳೆ ರೆಕಾರ್ಡ್ ಮಾಡಿಕೊಂಡು ಬರುವವರು ಬಹುತೇಕ ಬಳಸುವುದು ಅದನ್ನೇ.

ಮೊದಲು ಒಂದು ವಿಷಯ ತಿಳಿದಿರಲಿ. ಯಾವ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಆಗಲಿ ಪ್ರಾಜೆಕ್ಟ್ ಅಂದರೆ ಎರಡು ಬೇರೆ ಬೇರೆ ಸಂಗತಿ. ಒಂದು, ಡಿಸ್ಕ್‌ನಲ್ಲಿ ಬರೆದಿಟ್ಟಿರುವ ಧ್ವನಿ. ಇನ್ನೊಂದು, ಯಾವ ತುಂಡು ಯಾವ ಟ್ರ್ಯಾಕಿನಲ್ಲಿ ಎಷ್ಟನೇ ಸೆಕೆಂಡಿಗೆ ಬರಬೇಕು ಅನ್ನುವ ಪಟ್ಟಿ. ಹೆಚ್ಚಿನ ಸಲ ಕೆಡುವುದು ಪಟ್ಟಿ. ಧ್ವನಿ ಎಲ್ಲೋ ಬಿದ್ದಿರುತ್ತದೆ. ಪಟ್ಟಿ ಹೋದರೆ ಎಡಿಟಿಂಗ್ ಮತ್ತೆ ಮಾಡಬೇಕು, ಅದು ಬೇಸರದ ಕೆಲಸ, ಆದರೆ ಮಾತಾಡಿದವರನ್ನು ಮತ್ತೆ ಕರೆದು ಕೂರಿಸಬೇಕಾಗಿಲ್ಲ ಅಲ್ವಾ?

2021ರ ಮಾರ್ಚ್‌ನಲ್ಲಿ ಬಂದ ಆಡಾಸಿಟಿ 3.0 ಈ ವ್ಯವಸ್ಥೆಯನ್ನೇ ಬದಲಿಸಿತು. ಅದಕ್ಕೂ ಮೊದಲು ಎಯುಪಿ ಅನ್ನುವ ಸಣ್ಣ ಫೈಲಿನಲ್ಲಿ ಪಟ್ಟಿ ಇರುತ್ತಿತ್ತು, ಪಕ್ಕದ ಡೇಟಾ ಫೋಲ್ಡರಿನಲ್ಲಿ ಸಾವಿರಾರು ಚೂರು ಫೈಲುಗಳಾಗಿ ಧ್ವನಿ ಇರುತ್ತಿತ್ತು. ಜನ ಎಯುಪಿ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುತ್ತಿದ್ದರು, ತೆರೆದರೆ ಬರೀ ಮೌನ. ಈಗ ಎರಡೂ ಎಯುಪಿ3 ಅನ್ನುವ ಒಂದೇ ಫೈಲಿನಲ್ಲಿ ಇವೆ. ಹೊರಗೆ ಅದು ಒಂದು ಫೈಲ್, ಒಳಗೆ ಎಸ್‌ಕ್ಯುಲೈಟ್ ಡೇಟಾಬೇಸ್. ನಮ್ಮ ಫೋನಿನ ಎಷ್ಟೋ ಆ್ಯಪ್‌ಗಳು ಬಳಸುವ ಡೇಟಾಬೇಸ್ ಇದೇ.

ಇದರಿಂದ ಆದ ದೊಡ್ಡ ಉಪಕಾರ ಏನು ಗೊತ್ತಾ? ನೀವು ಸೇವ್ ಒತ್ತದಿದ್ದರೂ ಒಂದೊಂದು ಎಡಿಟ್ ಮುಗಿದ ಹಾಗೆಲ್ಲ ಅದು ಒಳಗೆ ಬರೆದುಕೊಂಡಿರುತ್ತದೆ. ಅದಕ್ಕೇ ಕ್ರ್ಯಾಶ್ ಆದಮೇಲೆ ಮತ್ತೆ ತೆರೆದಾಗ ಒಂದು ಪೆಟ್ಟಿಗೆ ಕಾಣಿಸಿ, ಈ ಪ್ರಾಜೆಕ್ಟುಗಳು ಸರಿಯಾಗಿ ಮುಚ್ಚಿಲ್ಲ, ಏನು ಮಾಡಲಿ ಎಂದು ಕೇಳುತ್ತದೆ. ಅಲ್ಲಿ ರಿಕವರ್ ಸೆಲೆಕ್ಟೆಡ್ ಇದೆ, ಸ್ಕಿಪ್ ಇದೆ, ಡಿಸ್ಕಾರ್ಡ್ ಸೆಲೆಕ್ಟೆಡ್ ಕೂಡ ಇದೆ. ಸುಮ್ನೆ ಪೆಟ್ಟಿಗೆ ಹೋದರೆ ಸಾಕು ಅಂತ ಡಿಸ್ಕಾರ್ಡ್ ಒತ್ತಿದವರನ್ನು ನೋಡಿದ್ದೇನೆ. ಒಮ್ಮೆಯಾದರೂ ಸೇವ್ ಮಾಡಿದ ಪ್ರಾಜೆಕ್ಟ್ ಆದರೆ ಕೊನೆಯ ಸೇವ್‌ಗೆ ಹಿಂದಿರುಗುತ್ತದೆ. ಸೇವ್ ಮಾಡದೇ ಇದ್ದದ್ದಾದರೆ ಪೂರ್ತಿ ಹೋಯಿತು. ಏನೂ ತೋಚದಿದ್ದರೆ ಸ್ಕಿಪ್ ಒತ್ತಿ. ಮುಂದಿನ ಸಲ ತೆರೆದಾಗ ಮತ್ತೆ ಕೇಳುತ್ತದೆ, ಏನೂ ಕೆಡುವುದಿಲ್ಲ.

ಆದರೆ ನಾನು ಆ ಪೆಟ್ಟಿಗೆಗೂ ಮೊದಲು ಇನ್ನೊಂದು ಕೆಲಸ ಮಾಡಿಸುತ್ತೇನೆ. ಆಡಾಸಿಟಿ ತೆರೆಯಲೇಬೇಡಿ, ಪ್ರಾಜೆಕ್ಟ್ ಇರುವ ಫೋಲ್ಡರನ್ನು ಹಾಗೇ ಪೂರ್ತಿ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ ಎನ್ನುತ್ತೇನೆ. ಇದಕ್ಕೆ ಕಾರಣ ಇದೆ. ಪ್ರಾಜೆಕ್ಟ್ ತೆರೆಯುವಾಗ ಆಡಾಸಿಟಿ ಒಳಗಿರುವ ಧ್ವನಿಯ ತುಂಡುಗಳನ್ನು ಪಟ್ಟಿಯ ಜೊತೆ ತಾಳೆ ನೋಡುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದ ತುಂಡುಗಳನ್ನು ಬೇಡದ್ದು ಎಂದು ಅಳಿಸಿಬಿಡುತ್ತದೆ. ಮಾಮೂಲಿ ದಿನ ಇದು ಒಳ್ಳೆಯ ಗುಣ, ಫೈಲ್ ಊದಿಕೊಳ್ಳುವುದಿಲ್ಲ. ಪಟ್ಟಿಯೇ ಕೆಟ್ಟ ದಿನ ಮಾತ್ರ ಇದೇ ಗುಣ ನಿಮ್ಮ ರೆಕಾರ್ಡಿಂಗನ್ನು ಗುಡಿಸಿ ಹಾಕಬಹುದು.

ಕಾಪಿ ಮಾಡುವಾಗ ಇನ್ನೊಂದು ಎಚ್ಚರ. ಕ್ರ್ಯಾಶ್ ಆದ ಎಯುಪಿ3 ಪಕ್ಕದಲ್ಲಿ ಅದೇ ಹೆಸರಿನ ಇನ್ನೆರಡು ಫೈಲ್ ಇರಬಹುದು, ಒಂದರ ಬಾಲದಲ್ಲಿ ವಾಲ್ (wal) ಅಂತ ಇರುತ್ತದೆ, ಇನ್ನೊಂದರಲ್ಲಿ ಎಸ್‌ಎಚ್‌ಎಂ. ನೋಡಿದರೆ ಕಸದ ಹಾಗೆ ಕಾಣುತ್ತವೆ. ವಾಲ್ ಫೈಲಿನಲ್ಲಿ ಇರುವುದು ನಿಮ್ಮ ಇತ್ತೀಚಿನ ಕೆಲಸ, ಮುಖ್ಯ ಫೈಲಿಗೆ ಇನ್ನೂ ಸೇರದೆ ಉಳಿದದ್ದು. ಆಡಾಸಿಟಿ ಸರಿಯಾಗಿ ಮುಚ್ಚಿದರೆ ಅದು ಒಳಗೆ ಸೇರಿ ಮಾಯವಾಗುತ್ತದೆ. ಕ್ರ್ಯಾಶ್ ಆದರೆ ಹೊರಗೇ ಉಳಿಯುತ್ತದೆ. ಅದನ್ನು ಡಿಲೀಟ್ ಮಾಡಿದರೆ, ಅಥವಾ ಎಯುಪಿ3 ಹೆಸರು ಮಾತ್ರ ಬದಲಾಯಿಸಿದರೆ, ಎರಡಕ್ಕೂ ಸಂಬಂಧ ತಪ್ಪುತ್ತದೆ. ಹೊಸ ಎಡಿಟ್ ಹೋಗಬಹುದು, ಇಡೀ ಡೇಟಾಬೇಸೇ ಕೆಡಬಹುದು.

ತಾಳಮದ್ದಳೆ ಹುಚ್ಚಿನ ಗೆಳೆಯರೊಬ್ಬರ ಕೇಸ್ ಹೀಗೇ ಇತ್ತು. ಲ್ಯಾಪ್‌ಟಾಪ್ ಹ್ಯಾಂಗ್ ಆಗಿ ಪವರ್ ಬಟನ್ ಒತ್ತಿ ಹಿಡಿದು ಆರಿಸಿದ್ದರು. ಆಮೇಲೆ ಎಯುಪಿ3 ಒಂದನ್ನೇ ನನಗೆ ಕಳಿಸಿದರು. ತೆರೆದರೆ ಅರ್ಧಕ್ಕೆ ನಿಲ್ಲುತ್ತಿತ್ತು, ಅರ್ಥಧಾರಿಯ ಮಾತು ಒಂದು ಪದದ ನಡುವೆ ಕತ್ತರಿಸಿ ಹೋಗಿತ್ತು. ನಾನು ಮೊದಲು ನೋಡಿದ್ದು ಫೈಲ್ ಸೈಜ್. ಲೆಕ್ಕ ಸುಲಭ: ಆಡಾಸಿಟಿ ಮಾಮೂಲಿಯಾಗಿ 32 ಬಿಟ್‌ನಲ್ಲಿ ಇಡುತ್ತದೆ, ಅಂದರೆ ಒಂದು ಸೆಕೆಂಡಿನ 44,100 ಸ್ಯಾಂಪಲ್‌ಗೆ (ಧ್ವನಿಯ ಒಂದೊಂದು ಅಳತೆಗೆ) ತಲಾ 4 ಬೈಟ್, ಸೆಕೆಂಡಿಗೆ 1,76,400 ಬೈಟ್. ಮಾನೋ ಟ್ರ್ಯಾಕ್ ಒಂದು ಗಂಟೆಗೆ ಸುಮಾರು 635 ಎಂಬಿ. ಮೂರು ಗಂಟೆಗೆ 1.9 ಜಿಬಿ. ಅವರು ಕಳಿಸಿದ ಫೈಲ್ ಅದರ ಹತ್ತಿರವೂ ಇರಲಿಲ್ಲ. ಉಳಿದದ್ದು ಎಲ್ಲಿ? ಆ ಫೋಲ್ಡರಿನಲ್ಲಿ ಬೇರೆ ಏನಿದೆ ನೋಡಿ ಅಂದೆ. "ಏನೋ ವಾಲ್ ಅಂತ ಒಂದಿದೆ, ದೊಡ್ಡದಿದೆ, ಡಿಲೀಟ್ ಮಾಡ್ಲಾ?" ಅಂದರು! ಮೂರೂ ಫೈಲನ್ನು ಹೆಸರು ಬದಲಿಸದೆ ಒಂದೇ ಕಡೆ ಇಟ್ಟು ತೆರೆದಾಗ ಮಂಗಳದವರೆಗೂ ಇತ್ತು.

ಈ ಸೈಜ್ ಲೆಕ್ಕವನ್ನು ಎಲ್ಲರೂ ಕಲಿಯಬೇಕು ಎನ್ನುವುದು ನನ್ನ ಹಠ. ಸ್ಟೀರಿಯೋ ಆದರೆ ಎರಡರಷ್ಟು. ಫೈಲ್ ದೊಡ್ಡದಿದ್ದರೆ ಧ್ವನಿ ಒಳಗಿದೆ, ಆಸೆ ಬಿಡಬೇಡಿ. ಒಂದು ಗಂಟೆಯ ಪ್ರಾಜೆಕ್ಟ್ ಕೆಲವೇ ಕೆಬಿ ಇದ್ದರೆ ಅಲ್ಲಿ ಹುಡುಕಿ ಪ್ರಯೋಜನ ಇಲ್ಲ, ಬೇರೆ ಕಡೆ ನೋಡಬೇಕು.

ಬೇರೆ ಕಡೆ ಅಂದರೆ ಎಲ್ಲಿ? ಒಮ್ಮೆಯೂ ಸೇವ್ ಮಾಡದ ಕೆಲಸ ಸೆಷನ್‌ಡೇಟಾ ಅನ್ನುವ ಫೋಲ್ಡರಿನಲ್ಲಿ ಇರುತ್ತದೆ. ವಿಂಡೋಸ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರ್, ಅದರೊಳಗೆ ಆ್ಯಪ್‌ಡೇಟಾ, ಲೋಕಲ್, ಆಡಾಸಿಟಿ, ಅಲ್ಲಿ ಸೆಷನ್‌ಡೇಟಾ. ಆ್ಯಪ್‌ಡೇಟಾ ಅಡಗಿರುವ ಫೋಲ್ಡರ್, ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಬೇಕು. ಮ್ಯಾಕ್‌ನಲ್ಲಿ ಲೈಬ್ರರಿ, ಅಪ್ಲಿಕೇಶನ್ ಸಪೋರ್ಟ್, ಆಡಾಸಿಟಿ ಒಳಗೆ. ಅಲ್ಲಿ ಎಯುಪಿ3ಅನ್‌ಸೇವ್ಡ್ ಅನ್ನುವ ಬಾಲದ ಫೈಲ್ ಸಿಕ್ಕಿದರೆ, ಅದರ ಜೊತೆಗಿರುವ ಫೈಲುಗಳನ್ನೂ ಸೇರಿಸಿ ಎರಡು ಪ್ರತಿ ಮಾಡಿ. ಒಂದು ಪ್ರತಿಯನ್ನು ಮುಟ್ಟಲೇಬೇಡಿ. ಇನ್ನೊಂದರಲ್ಲಿ ಬಾಲವನ್ನು ಬರೀ ಎಯುಪಿ3 ಎಂದು ಮಾಡಿ ತೆರೆದು ನೋಡಿ. ವಾಲ್ ಇದ್ದರೆ ಅದರ ಹೆಸರನ್ನೂ ಅದಕ್ಕೆ ಸರಿಯಾಗಿ ಬದಲಿಸಬೇಕು. ಹಳೆಯದನ್ನು ತೆಗೆದು ಆಡಾಸಿಟಿ ಮತ್ತೆ ಇನ್‌ಸ್ಟಾಲ್ ಮಾಡುವುದು, ಕ್ಲೀನರ್ ಓಡಿಸುವುದು, ಇವೆಲ್ಲ ಇದಾದ ಮೇಲೆ.

ತೆರೆಯಲೇ ಒಪ್ಪದ, ಎರರ್ ಕೊಡುವ ಫೈಲ್‌ಗೂ ದಾರಿ ಇದೆ. ಡೇಟಾಬೇಸ್ ಆದ್ದರಿಂದ ಎಸ್‌ಕ್ಯುಲೈಟ್‌ನ ರಿಕವರ್ ಕಮಾಂಡ್ ಇದಕ್ಕೂ ನಡೆಯುತ್ತದೆ, ಓದಲು ಸಾಧ್ಯವಾದದ್ದನ್ನೆಲ್ಲ ಹೆಕ್ಕಿ ಹೊಸ ಫೈಲಿಗೆ ಹಾಕುತ್ತದೆ. ಆಡಾಸಿಟಿ ತಂಡದವರೇ ಮಾಡಿರುವ ಆಡಾಸಿಟಿ ಪ್ರಾಜೆಕ್ಟ್ ಟೂಲ್ಸ್ ಅನ್ನುವ ಉಪಕರಣವೂ ಗಿಟ್‌ಹಬ್ ಜಾಲತಾಣದಲ್ಲಿ ಸಿಗುತ್ತದೆ, ಅದು ಪಟ್ಟಿ ಇಲ್ಲದಿದ್ದರೂ ಧ್ವನಿಯ ತುಂಡುಗಳನ್ನು ಸಾಲಾಗಿ ಜೋಡಿಸಿ ಒಂದು ಟ್ರ್ಯಾಕ್ ಮಾಡಿ ಕೊಡುತ್ತದೆ. ತುಂಡು ಒಂದೊಂದೂ ಹೆಚ್ಚೆಂದರೆ 1 ಎಂಬಿ ಇರುತ್ತದೆ, ಮಾನೋದಲ್ಲಿ ಸುಮಾರು ಆರು ಸೆಕೆಂಡಿನ ಮಾತು. ನೇರವಾಗಿ ರೆಕಾರ್ಡ್ ಮಾಡಿ ಮುಟ್ಟದೆ ಬಿಟ್ಟದ್ದಾದರೆ ಸಾಲು ಸರಿಯಾಗಿ ಬರುತ್ತದೆ. ಕತ್ತರಿಸಿ, ಹಿಂದೆ ಮುಂದೆ ಮಾಡಿ, ಎಫೆಕ್ಟ್ ಹಾಕಿದ್ದರೆ ಎಲ್ಲ ಕಲಸಿಹೋಗಿರುತ್ತದೆ. ಆ ಕಲಸುಮೇಲೋಗರದಲ್ಲಿ ನೀವು ಕತ್ತರಿಸಿ ಎಸೆದ ಭಾಗಗಳೂ ಕೇಳಿಸಬಹುದು, ಯಾಕೆಂದರೆ ಅನ್‌ಡೂ ಮಾಡಲು ಬೇಕಾಗಬಹುದು ಅಂತ ಪ್ರಾಜೆಕ್ಟ್ ಮುಚ್ಚುವವರೆಗೂ ಅವು ಒಳಗೇ ಇರುತ್ತವೆ. ಒಬ್ಬ ಅತಿಥಿಯ "ಇದನ್ನ ತೆಗೆದುಬಿಡಿ" ಅನ್ನುವ ಮಾತೂ ಹಾಗೇ ಎದ್ದು ಬಂದದ್ದುಂಟು.

ಬೇರೆ ಸಾಫ್ಟ್‌ವೇರುಗಳ ಬಗ್ಗೆ ಎರಡು ಮಾತು. ರೀಪರ್‌ನಲ್ಲಿ ಪಟ್ಟಿ ಬರೀ ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ರೆಕಾರ್ಡಿಂಗ್ ಬೇರೆಯಾಗಿ ವೇವ್ ಫೈಲುಗಳಲ್ಲಿ ಇರುತ್ತದೆ. ಪಕ್ಕದ ಬ್ಯಾಕಪ್ ಫೈಲ್ ತೆರೆದರೆ ಹೆಚ್ಚಿನ ಸಲ ಸಾಕು. ಯಾವುದಾದರೂ ಪ್ಲಗಿನ್ ಕಾರಣಕ್ಕೇ ಕ್ರ್ಯಾಶ್ ಆಗುತ್ತಿದ್ದರೆ ಎಫೆಕ್ಟ್‌ಗಳನ್ನು ಆಫ್‌ಲೈನ್ ಮಾಡಿ ತೆರೆಯುವ ಆಯ್ಕೆ ಓಪನ್ ಪೆಟ್ಟಿಗೆಯಲ್ಲೇ ಇದೆ. ಪ್ರೋ ಟೂಲ್ಸ್‌ನವರು ಸೆಷನ್ ಫೈಲ್ ಬ್ಯಾಕಪ್ಸ್ ಫೋಲ್ಡರ್ ನೋಡಿ. ಏಬಲ್‌ಟನ್ ಲೈವ್‌ನಲ್ಲಿ ಬ್ಯಾಕಪ್ ಅನ್ನುವ ಫೋಲ್ಡರ್ ಇದೆ.

ಇನ್ನು ವೇವ್ ಫೈಲಿನ ಒಂದು ವಿಚಿತ್ರ. ರೆಕಾರ್ಡರಿನ ಬ್ಯಾಟರಿ ಮುಗಿದೋ, ಕರೆಂಟ್ ಹೋಗಿಯೋ ಅರ್ಧದಲ್ಲೇ ನಿಂತರೆ ಫೈಲ್ ಸೈಜ್ 500 ಎಂಬಿ ಇದ್ದರೂ ಪ್ಲೇಯರ್ ಸೊನ್ನೆ ಸೆಕೆಂಡ್ ಎನ್ನುತ್ತದೆ. ವೇವ್ ಫೈಲಿನ ಶುರುವಿನಲ್ಲಿ ಒಂದು ಹೆಡರ್ ಇರುತ್ತದೆ, ಸಾದಾ ಫೈಲಿನಲ್ಲಿ 44 ಬೈಟ್. ಧ್ವನಿ ಎಷ್ಟು ಉದ್ದ ಎಂಬುದು ಅದರಲ್ಲಿರುತ್ತದೆ, ಮತ್ತು ಎಷ್ಟೋ ರೆಕಾರ್ಡರ್‌ಗಳು ಆ ಅಂಕಿಯನ್ನು ಬರೆಯುವುದು ಸ್ಟಾಪ್ ಒತ್ತಿದ ಮೇಲೆ. ಒತ್ತದಿದ್ದರೆ ಅಲ್ಲಿ ಸೊನ್ನೆ. ಆಡಾಸಿಟಿಯ ಫೈಲ್ ಮೆನುವಿನಲ್ಲಿ ಇಂಪೋರ್ಟ್, ಅದರಲ್ಲಿ ರಾ ಡೇಟಾ ಆರಿಸಿ. ಇದು ಹೆಡರ್ ಓದದೆ ಬೈಟ್‌ಗಳನ್ನು ನೇರ ಧ್ವನಿ ಎಂದು ತೆಗೆದುಕೊಳ್ಳುತ್ತದೆ. ರೆಕಾರ್ಡರ್ ಯಾವ ಸೆಟ್ಟಿಂಗ್‌ನಲ್ಲಿತ್ತೋ ಅದನ್ನೇ ಕೊಡಬೇಕು: 16 ಅಥವಾ 24 ಬಿಟ್, ಮಾನೋ ಅಥವಾ ಸ್ಟೀರಿಯೋ, 44,100 ಅಥವಾ 48,000, ಬೈಟ್ ಆರ್ಡರ್ ಲಿಟಲ್ ಎಂಡಿಯನ್. ಬಿಟ್ ತಪ್ಪಿದರೆ ಬರೀ ಭೋರ್ ಎಂಬ ಸದ್ದು. ಸ್ಯಾಂಪಲ್ ರೇಟ್ ತಪ್ಪಿದರೆ ಗಂಟಲು ದಪ್ಪವೋ ಕೀರಲೋ ಆಗುತ್ತದೆ. ಎಲ್ಲ ಸರಿಯಿದ್ದೂ ಭೋರ್ ಅಂದರೆ ಸ್ಟಾರ್ಟ್ ಆಫ್‌ಸೆಟ್, ಅಂದರೆ ಶುರುವಿನಲ್ಲಿ ಎಷ್ಟು ಬೈಟ್ ಬಿಟ್ಟು ಓದಬೇಕು ಅನ್ನುವ ಅಂಕಿಯನ್ನು, ಒಂದೊಂದೇ ಬೈಟ್ ಹೆಚ್ಚಿಸುತ್ತ ಹೋಗಿ. 24 ಬಿಟ್‌ನಲ್ಲಿ ಇದು ತುಂಬಾ ಸಲ ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಒಂದೊಂದು ಸ್ಯಾಂಪಲ್ ಮೂರು ಬೈಟ್, ಒಂದು ಬೈಟ್ ಆಚೀಚೆ ಆದರೂ ಮಾತು ಪೂರ್ತಿ ಗದ್ದಲವಾಗುತ್ತದೆ. ಶುರುವಿನಲ್ಲಿ ಒಂದು ಚಟ್ ಸದ್ದು ಉಳಿದರೆ ಅದು ಹೆಡರ್, ಕತ್ತರಿಸಿ ಬಿಸಾಕಿ.

ಫೈಲೇ ಡಿಲೀಟ್ ಆಗಿದ್ದರೆ ಆ ಡಿಸ್ಕ್‌ಗೆ ಇನ್ನೇನನ್ನೂ ಬರೆಯಬೇಡಿ, ರಿಕವರಿ ಸಾಫ್ಟ್‌ವೇರನ್ನೂ ಅದರ ಮೇಲೆ ಇನ್‌ಸ್ಟಾಲ್ ಮಾಡಬೇಡಿ. ಮೆಮೊರಿ ಕಾರ್ಡ್ ಮತ್ತು ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಫೋಟೋರೆಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ಚೆನ್ನಾಗಿ ಕೆಲಸ ಮಾಡುತ್ತದೆ, ಹೆಸರು ಫೋಟೋ ಆದರೂ ಧ್ವನಿಯನ್ನೂ ಹುಡುಕುತ್ತದೆ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅಳಿಸಿದ ಜಾಗವನ್ನು ಅದೇ ತೊಳೆದುಬಿಡುತ್ತದೆ.

ಮತ್ತೆ ಮತ್ತೆ ಯಾಕೆ ಹೀಗಾಗುತ್ತದೆ ಎಂದು ಕೇಳಿದವರಲ್ಲಿ ಎಷ್ಟೋ ಜನರ ಪ್ರಾಜೆಕ್ಟ್ ಗೂಗಲ್ ಡ್ರೈವ್, ಒನ್‌ಡ್ರೈವ್ ಫೋಲ್ಡರಿನೊಳಗೇ ಇರುತ್ತದೆ. ನಾವು ಬರೆಯುತ್ತಿರುವ ಡೇಟಾಬೇಸನ್ನು ಸಿಂಕ್ ಸಾಫ್ಟ್‌ವೇರ್ ಅದೇ ಹೊತ್ತಿಗೆ ಮುಟ್ಟುತ್ತದೆ. ಕೆಲಸ ಲ್ಯಾಪ್‌ಟಾಪಿನ ಸ್ವಂತ ಡಿಸ್ಕ್‌ನಲ್ಲಿ ಇರಲಿ, ಮುಗಿಸಿ ಮುಚ್ಚಿದ ಮೇಲೆ ಕ್ಲೌಡ್‌ಗೆ ಹಾಕಿ. ಪೆನ್‌ಡ್ರೈವ್ ಮೇಲೆ ನೇರ ಎಡಿಟ್ ಮಾಡುವವರು ಗಮನಿಸಿ, ಅದು ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ದಾಟಿದ ಫೈಲ್ ಅದರಲ್ಲಿ ನಿಲ್ಲುವುದೇ ಇಲ್ಲ, ಪ್ರಾಜೆಕ್ಟ್ ಬೆಳೆಯುತ್ತ ಒಂದು ದಿನ ಅಲ್ಲಿಗೆ ಬಂದು ಮುಗ್ಗರಿಸುತ್ತದೆ. ಇನ್ನು ಸಿ ಡ್ರೈವ್ ತುಂಬಿದ್ದಕ್ಕೆ ಆಗುವ ಕ್ರ್ಯಾಶ್‌ಗಳಂತೂ ಸಾಕಷ್ಟಿವೆ. ರೆಕಾರ್ಡ್ ಒತ್ತುವ ಮುಂಚೆ ಎಷ್ಟು ಜಾಗ ಉಳಿದಿದೆ ನೋಡಿ, ಮೇಲಿನ 635 ಎಂಬಿ ಲೆಕ್ಕ ಇಲ್ಲಿಗೂ ಆಗುತ್ತದೆ.

ಪ್ರಾಜೆಕ್ಟ್ ತೆರೆದುಕೊಂಡಿತು ಅಂದುಕೊಳ್ಳಿ. ತಕ್ಷಣ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಟ್ರ್ಯಾಕುಗಳನ್ನು ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಹೆಡ್‌ಫೋನ್ ಹಾಕಿ ಮೊದಲಿನಿಂದ ಕೊನೆಯವರೆಗೆ ಕೇಳಿ, ಬೇಗ ಬೇಗ ಮುಂದೆ ಓಡಿಸಿ ನೋಡುವುದು ಸಾಲದು. ಕಳೆದುಹೋದ ತುಂಡಿನ ಜಾಗದಲ್ಲಿ ಆಡಾಸಿಟಿ ಮೌನ ತುಂಬಿಸಿರಬಹುದು. ತರಂಗದ ಗೆರೆ ದಪ್ಪವಾಗಿದ್ದದ್ದು ಆರು ಸೆಕೆಂಡ್ ನೇರ ಗೆರೆಯಾಗಿ, ಮತ್ತೆ ಶುರುವಾಗಿದ್ದರೆ ಅದೇ. ಮಾತಾಡಿದವರು ಅಲ್ಲಿ ಉಸಿರೆಳೆದು ಸುಮ್ಮನಾಗಿದ್ದರೂ ಕೋಣೆಯ ಸಣ್ಣ ಗುಂಯ್ ಸದ್ದು ಇದ್ದೇ ಇರುತ್ತದೆ, ಕಳೆದ ತುಂಡಿನಲ್ಲಿ ಅದೂ ಇರುವುದಿಲ್ಲ. ಅಂಥ ಜಾಗಗಳ ಸಮಯ ಬರೆದುಕೊಂಡು, ಅಷ್ಟು ವಾಕ್ಯಗಳನ್ನು ಮಾತ್ರ ಅದೇ ಮೈಕ್ ಇಟ್ಟು ಮತ್ತೆ ಹೇಳಿಸಿಕೊಳ್ಳಿ.